ತೋಟ ಮತ್ತು ತೋಟಾ

ಕನ್ನಡದಲ್ಲಿ ಒಂದು ದೀರ್ಘ ಏನೇನು ಅನಾಹುತ ಮಾಡಬಲ್ಲದು ಎಂಬುದು ಮೇಷ್ಟರ ಕೆಲಸ ಮಾಡಿದವರಿಗೆಲ್ಲ ಗೊತ್ತು. ಕೆಲವು ವರ್ಷಗಳ ಹಿಂದೆ ಕಡೂರು ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಹಲಗಲಿಯ ಬೇಡರ ಲಾವಣಿ ಪಾಠ ಮಾಡುತ್ತಿದ್ದೆ. 1857ರಲ್ಲಿ ಇಂಗ್ಲಿಷರು ಜನರ ಕೈಯಲ್ಲಿದ್ದ ಹತಾರಗಳನ್ನು ಕಸಿಯಲು ಕಾಯ್ದೆ ಮಾಡಿದ್ದು, ಹಲಗಲಿಯ ಬೇಡರು ಕೊಡುವುದಿಲ್ಲವೆಂದು ತಿರುಗಿ ಬಿದ್ದದ್ದು, ಎಲ್ಲ ಹೇಳಿ, ಅದೇ ವರ್ಷ ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದ ಕಥೆಗೂ ಬಂದೆ. ತೋಟಾಗಳಿಗೆ ದನದ ಕೊಬ್ಬು, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿತು ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಮನೆಯಲ್ಲಿ ತೆಂಗು, ಅಡಿಕೆ ಇರುವ ಹುಡುಗ.

"ಮೇಡಂ, ತೋಟಕ್ಕೆ ಯಾಕೆ ಕೊಬ್ಬು ಸವರ್ತಾರೆ? ಗೊಬ್ಬರ ಅಲ್ವಾ ಹಾಕೋದು?"

ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ಆಮೇಲೆ ಬೋರ್ಡಿನ ಮೇಲೆ 'ತೋಟ' ಎಂದು ಒಂದು ಕಡೆ, 'ತೋಟಾ' ಎಂದು ಇನ್ನೊಂದು ಕಡೆ ಬರೆದೆ. ತೋಟಾ ಎಂದರೆ ಗುಂಡು, ಮದ್ದು, ಕಿಡಿ ಹೊತ್ತಿಸುವ ಕೇಪು, ಇವನ್ನೆಲ್ಲ ಒಂದೇ ಕೋಶದಲ್ಲಿ ಕಟ್ಟಿದ ಪೊಟ್ಟಣ. 1857ರ ಪೊಟ್ಟಣ ಕಾಗದದ್ದು, ಕೇಪು ಬೇರೆ. ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಾಗಿತ್ತು, ಅದಕ್ಕೇ ಕೊಬ್ಬಿನ ರಗಳೆ. ಈಗಿನದು ಹಿತ್ತಾಳೆಯದು, ಅಥವಾ ಹಿತ್ತಾಳೆಯ ತಳವಿರುವ ಪ್ಲಾಸ್ಟಿಕ್ಕಿನದು. ಇಷ್ಟು ಹೇಳಿ ಪಾಠ ಮುಂದುವರಿಸಿದೆ. ಆದರೆ ತೋಟಾ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ನನಗೆ ಒಂದು ಡಾಲ್ಡಾ ಡಬ್ಬ ಕಣ್ಣ ಮುಂದೆ ಬರುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಹುಟ್ಟಿದ್ದು ಅಜ್ಜಂಪುರದ ಹತ್ತಿರದ ಹಳ್ಳಿ, ಸೇರಿದ್ದು ತರೀಕೆರೆಯ ಮನೆ, ಅನ್ನ ಕೊಟ್ಟದ್ದು ಕಡೂರು. ಈ ಮೂರೂರನ್ನು ಕಟ್ಟಿ ಹಾಕುವ ಗಂಟು ಬೀರೂರು ಜಂಕ್ಷನ್. ಕಡೂರಿನಿಂದ ಬಂದ ರೈಲು ಅಲ್ಲಿ ಅಜ್ಜಂಪುರದ ಮೇಲೆ ಹುಬ್ಬಳ್ಳಿಗಾದರೂ ಹೋಗಬಹುದು, ತರೀಕೆರೆಯ ಮೇಲೆ ಶಿವಮೊಗ್ಗಕ್ಕಾದರೂ ಹೋಗಬಹುದು. ನನ್ನ ಆಯುಷ್ಯದ ಅರ್ಧ ಆ ಕವಲಿನಲ್ಲೇ ಕಳೆದಿದೆ.

ತರೀಕೆರೆಯ ನಮ್ಮ ಮಾವನವರು ಅಡಿಕೆ ತೋಟದವರು. ಮಂಡಿಗೆ ಅಡಿಕೆ ಹಾಕಿ ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದ ಕಾಲದಲ್ಲಿ ರಿವಾಲ್ವರಿಗೆ ಲೈಸೆನ್ಸು ಮಾಡಿಸಿದ್ದರು. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದದ್ದು, ಆರು ತೋಟಾ ಹಿಡಿಯುವಂಥದ್ದು, ಪಾಯಿಂಟ್ 32. ಅದನ್ನು ಅವರು ಯಾರ ಮೇಲೂ ಹಾರಿಸಲಿಲ್ಲ, ಯಾತರ ಮೇಲೂ ಹಾರಿಸಲಿಲ್ಲ. ಅತ್ತೆಯ ಧಾರೆಸೀರೆ ಇದ್ದ ಬೀರುವಿನಲ್ಲಿ, ನುಸಿಗುಳಿಗೆಯ ವಾಸನೆಯಲ್ಲಿ, ಅದು ಮಲಗಿರುತ್ತಿತ್ತು. ಹೊರಗೆ ಬರುತ್ತಿದ್ದದ್ದು ಆಯುಧಪೂಜೆಗೆ, ಲೈಸೆನ್ಸು ನವೀಕರಣಕ್ಕೆ, ಮತ್ತು ಚುನಾವಣೆಗೆ. ಚುನಾವಣೆ ಘೋಷಣೆಯಾಯಿತೆಂದರೆ ಲೈಸೆನ್ಸುದಾರರು ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂದು ಆಜ್ಞೆ ಬರುತ್ತದಲ್ಲ, ಆಗ ಮಾವನವರು ಬಿಳಿ ಪಂಚೆ ಉಟ್ಟು, ಬಟ್ಟೆ ಚೀಲದಲ್ಲಿ ಅದನ್ನಿಟ್ಟುಕೊಂಡು, ಮಗಳನ್ನು ಗಂಡನ ಮನೆಗೆ ಬಿಟ್ಟುಬರುವವರಂತೆ ಹೋಗಿ ರಸೀತಿ ತರುತ್ತಿದ್ದರು. ಫಲಿತಾಂಶ ಬಂದ ಮೇಲೆ ಯಾರು ಗೆದ್ದರೆಂದು ಕೇಳುವ ಮೊದಲೇ ವಾಪಸು ಕರೆತರುತ್ತಿದ್ದರು.

ಎರಡು ವರ್ಷದ ಹಿಂದೆ ಮಾವನವರು ತೀರಿಕೊಂಡರು. ಲೈಸೆನ್ಸುದಾರ ಹೋದ ಮೇಲೆ ಆಯುಧ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತಡಮಾಡದೆ ಠಾಣೆಗೋ ಲೈಸೆನ್ಸು ಪಡೆದ ಕೋವಿ ವ್ಯಾಪಾರಿಗೋ ಒಪ್ಪಿಸಬೇಕು, ವಾರಸುದಾರರಿಗೆ ಬೇಕಾದರೆ ಅವರ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. 1959ರ ಆಯುಧ ಕಾಯ್ದೆ ಹೇಳುವುದು ಹಾಗೆ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ನಮ್ಮವರು, ಮೈದುನ, ನಾನು ಮೂವರೂ ಕೂತು ಬೀರು ಬಿಚ್ಚಿದೆವು. ಒಪ್ಪಿಸುವಾಗ ಪಟ್ಟಿ ಕೊಡಬೇಕಲ್ಲ, ಪಟ್ಟಿ ಬರೆಯುವ ಕೆಲಸ ಎಲ್ಲ ಮನೆಯಲ್ಲೂ ಟೀಚರ್ ಸೊಸೆಯದೇ.

ರಿವಾಲ್ವರಿನ ಜೊತೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತೋಟಾಗಳಿದ್ದವು. ಇನ್ನೊಂದು ಅಮೃತಾಂಜನದಷ್ಟು ದೊಡ್ಡ ಡಬ್ಬಿಯಲ್ಲಿ ಬೇರೆ ಹತ್ತು ಇದ್ದವು. ಅದರೊಳಗೆ ಮಾವನವರ ಕೈಬರಹದ ಚೀಟಿ: 'ಪಾಯಿಂಟ್ 32, ಹತ್ತು.' ನಮ್ಮವರಿಗೆ ನೆನಪಿತ್ತು. ಕಡೂರಿನ ತೆಂಗಿನಕಾಯಿ ವ್ಯಾಪಾರದ ಹಳೆಯ ಸ್ನೇಹಿತರೊಬ್ಬರ ಬಳಿ ಪಿಸ್ತೂಲಿತ್ತಂತೆ. ವಯಸ್ಸಾದ ಮೇಲೆ ಅದನ್ನು ಒಪ್ಪಿಸಿಬಿಟ್ಟರು, ಉಳಿದ ತೋಟಾಗಳನ್ನು "ನಿಮ್ಮದೂ ಪಾಯಿಂಟ್ 32 ಅಲ್ಲವೆ, ನಿಮಗಿರಲಿ" ಎಂದು ಮಾವನವರಿಗೆ ಕೊಟ್ಟರು. ಮಿಕ್ಕ ಕಾಫಿಪುಡಿ ಪಕ್ಕದ ಮನೆಗೆ ಕೊಟ್ಟಷ್ಟೇ ಸಲೀಸಾಗಿ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಅಕ್ಕ, ಒಂದು ತಂಗಿ. ಡಬ್ಬಿಯವು ಗಿಡ್ಡ. ಮೈದುನ ನೋಡಿದ, ರಿವಾಲ್ವರಿನ ಉರುಳೆ ಬಿಚ್ಚಿದ, ನಾನು ಏನಾಗುತ್ತಿದೆಯೆಂದು ನೋಡುವಷ್ಟರಲ್ಲಿ ಗಿಡ್ಡ ತೋಟಾ ಒಂದನ್ನು ತೂತಿಗೆ ಇಳಿಬಿಟ್ಟ. ಅದು ಟಕ್ಕೆಂದು ಕೂತಿತು.

"ಸರಿಯಾಗಿ ಕೂರುತ್ತಲ್ಲ ಅತ್ತಿಗೆ! ಅಪ್ಪ ಹೇಳಿದ್ದು ಸರಿ, ಎಲ್ಲಾ ಒಂದೇ. ಎಲ್ಲಾ ಸೇರಿಸಿ ಒಂದೇ ಲೆಕ್ಕ ಬರೀರಿ."

"ತೆಗಿ ಅದನ್ನ!" ಎಂದು ನಾನು ಕೂಗಿದ ಕೂಗಿಗೆ ಅಡಿಗೆಮನೆಯಲ್ಲಿದ್ದ ಅತ್ತೆ ಓಡಿಬಂದರು. ಮೂವತ್ತು ವರ್ಷ ಆ ಮನೆಯಲ್ಲಿದ್ದು ನಾನು ಮೈದುನನಿಗೆ ಏಕವಚನ ಆಡಿದ್ದು ಅದೊಂದೇ ಸಲ. ಅವರ ಮುಖ ಚಿಕ್ಕದಾಯಿತು. ನನಗೋ ಕೈಕಾಲು ನಡುಗುತ್ತಿತ್ತು. ಕಾರಣ ಹೇಳಲಿಲ್ಲ. "ನಾಳೆವರೆಗೆ ಯಾರೂ ಮುಟ್ಟಬೇಡಿ" ಎಂದಷ್ಟೇ ಹೇಳಿದೆ.

ಮಾರನೆಯ ದಿನ ಶಾಲೆಯಿಂದ ಬರುವಾಗ ವಿಜ್ಞಾನದ ಮೇಡಮ್ಮನ ಹತ್ತಿರ ವರ್ನಿಯರ್ ಕ್ಯಾಲಿಪರ್ಸ್ ಕೇಳಿ ತಂದೆ. "ಮದುವೆ ಉಂಗುರ ಅಳೀತೀರಾ?" ಎಂದು ಅವರು ತಮಾಷೆ ಮಾಡಿದರು. ಊಟದ ಮೇಜಿನ ಮೇಲೆ ಪೇಪರು ಹಾಸಿ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಕೂತೆ. ಬಿ.ಎ.ಯಲ್ಲಿ ಇತಿಹಾಸ, ಕನ್ನಡ ಓದಿದವಳಿಗೆ ಇಷ್ಟು ಅಳತೆಯೇ ದೊಡ್ಡ ಪ್ರಯೋಗ.

ದೊಡ್ಡದರ ಕೋಶದ ಉದ್ದ 23 ಮಿಲಿಮೀಟರು ಚಿಲ್ಲರೆ, ಗಿಡ್ಡದ್ದು 17 ಚಿಲ್ಲರೆ. ಆದರೆ ಮೈ ದಪ್ಪ? ಎರಡೂ ಎಂಟೂವರೆ ಮಿಲಿಮೀಟರು. ಅದಕ್ಕೇ ಗಿಡ್ಡದ್ದು ಸಲೀಸಾಗಿ ಕೂತದ್ದು. ದೊಡ್ಡದರ ತಳದಲ್ಲಿ ಸುತ್ತ ಅಂಚು ದಪ್ಪವಾಗಿ ಹೊರಗೆ ಚಾಚಿದೆ; ಗಿಡ್ಡದ್ದಕ್ಕೆ ಅಂಚು ಇದ್ದೂ ಇಲ್ಲದಂತಿದೆ, ತಳದ ಮೇಲೆ ಒಂದು ಕಾಲುವೆ ಕೊರೆದಿದೆ. ಭೂತಗನ್ನಡಿಯಲ್ಲಿ ದೊಡ್ಡದರ ತಳದ ಅಕ್ಷರ ಓದಿದೆ: ಎಸ್ ಅಂಡ್ ಡಬ್ಲ್ಯೂ ಲಾಂಗ್. ಗಿಡ್ಡದ್ದರ ಮೇಲೆ: ಎ.ಸಿ.ಪಿ. ಎರಡರ ಮೇಲೂ 32 ಎಂಬ ಅಂಕಿ. ಇನಿಷಿಯಲ್ ನೋಡದೆ ಹೆಸರಷ್ಟೇ ಕೂಗಿದರೆ ಹಾಜರಿ ಪುಸ್ತಕದಲ್ಲಿ ಏನಾಗುತ್ತದೋ ಅದೇ ಇಲ್ಲೂ ಆಗಿತ್ತು. ನಮ್ಮ ಎಂಟನೇ ಬಿ ವಿಭಾಗದಲ್ಲಿ ಒಂದು ವರ್ಷ ಮೂವರು ಮಂಜುನಾಥರಿದ್ದರು. ಒಬ್ಬನ ಗೈರುಹಾಜರಿ ಇನ್ನೊಬ್ಬನ ತಲೆಗೆ ಬೀಳುತ್ತಿತ್ತು.

ಆಮೇಲೆ ಪುಸ್ತಕ ತರಿಸಿ ಓದಿದೆ. ಬಿ.ಎಡ್. ಮಾಡಿದವರ ಚಾಳಿ ಅದು, ಪಾಠ ಇಲ್ಲದಿದ್ದರೂ ಟಿಪ್ಪಣಿ ಮಾಡಿಕೊಳ್ಳುವುದು. ಉದ್ದದ್ದು ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯವರು 1896ರಲ್ಲಿ ರಿವಾಲ್ವರಿಗೆಂದು ಮಾಡಿದ್ದು. ಗಿಡ್ಡದ್ದು ಜಾನ್ ಬ್ರೌನಿಂಗ್ ಎಂಬಾತ 1899ರ ಸುಮಾರಿಗೆ ಪಿಸ್ತೂಲಿಗೆಂದು ಮಾಡಿದ್ದು. ರಿವಾಲ್ವರಿನಲ್ಲಿ ತೋಟಾ ಉರುಳೆಯ ತೂತಿನಲ್ಲಿ ಕೂತಿರುತ್ತದೆ, ಹಿಂದಿನ ಅಂಚೇ ಅದನ್ನು ತಡೆದು ಹಿಡಿಯುವುದು. ಪಿಸ್ತೂಲಿನಲ್ಲಿ ಹಿಡಿಕೆಯೊಳಗಿನ ಡಬ್ಬಿಯಲ್ಲಿ ಒಂದರ ಮೇಲೊಂದು ಕೂತು, ಒಂದು ಹಾರಿದರೆ ಇನ್ನೊಂದು ತಾನಾಗಿ ಮೇಲೇರುತ್ತದೆ, ಅಂಚು ದಪ್ಪವಾದರೆ ಒಂದಕ್ಕೊಂದು ತೊಡರುತ್ತದೆ. ಇಷ್ಟೇ ಆಗಿದ್ದರೆ ನನ್ನ ಕೂಗು ದಂಡವಾಗುತ್ತಿತ್ತು. ಗುಟ್ಟು ಇರುವುದು ಒಳಗಿನ ಒತ್ತಡದಲ್ಲಿ. ಮದ್ದು ಹೊತ್ತಿಕೊಂಡಾಗ ಉದ್ದದ್ದರೊಳಗೆ ಚದರ ಅಂಗುಲಕ್ಕೆ ಹೆಚ್ಚೆಂದರೆ 15,000 ಪೌಂಡು ಒತ್ತಡವಿರಬೇಕೆಂದು ಅಮೆರಿಕದ ತಯಾರಕರ ಕಟ್ಟಳೆ. ನೋಡಲು ತಂಗಿಯಂತಿರುವ ಗಿಡ್ಡದ್ದಕ್ಕೆ 20,500. ಮೂರನೇ ಒಂದು ಪಾಲಿಗಿಂತ ಹೆಚ್ಚು! ಐದು ಸೇರಿನ ಕುಕ್ಕರಿಗೆ ಏಳು ಸೇರಿನ ಹಬೆ ತುಂಬಿದ ಹಾಗೆ. ಒಮ್ಮೆ ತಡೆದುಕೊಂಡೀತು, ಎರಡು ಸಲ ತಡೆದುಕೊಂಡೀತು.

ಇನ್ನೊಂದು ತಮಾಷೆ ಕೇಳಿ. ಪಾಯಿಂಟ್ 32 ಎಂದರೆ ಅಂಗುಲದ ನೂರರಲ್ಲಿ ಮೂವತ್ತೆರಡು ಪಾಲು, ಅಂದರೆ 8.1 ಮಿಲಿಮೀಟರು. ಆದರೆ ಎರಡರ ಗುಂಡೂ ಎಂಟು ಮಿಲಿಮೀಟರಿಗಿಂತ ಕಡಿಮೆ. ಹೆಸರಿಗೆ ಮೂವತ್ತೆರಡು, ಅಳತೆಗೆ ಮೂವತ್ತೊಂದು. ಪಾಯಿಂಟ್ 38 ಎಂಬುದಂತೂ ಇನ್ನೂ ದೊಡ್ಡ ಸುಳ್ಳು. ಅದರ ಗುಂಡಿನ ಅಗಲ ಪಾಯಿಂಟ್ 357. ಹಿಂದೆ ಯಾವ ಕಾಲದಲ್ಲೋ ಕೋಶದ ಹೊರಮೈ ಅಳೆದು ಇಟ್ಟ ಹೆಸರು ಗುಂಡು ಬದಲಾದರೂ ಬದಲಾಗಲಿಲ್ಲ. 1935ರಲ್ಲಿ ಅದೇ ಅಗಲದ, ಆದರೆ ಬಹಳ ಜೋರಿನ ಮ್ಯಾಗ್ನಮ್ ತೋಟಾ ಮಾಡಿದಾಗ ಅಮೆರಿಕದವರು ಒಂದು ಬುದ್ಧಿವಂತಿಕೆ ಮಾಡಿದರು. ಕೋಶವನ್ನು ಬೇಕೆಂದೇ ಎಂಟನೇ ಒಂದು ಅಂಗುಲದಷ್ಟು ಉದ್ದ ಮಾಡಿ, ಹಳೆಯ 38ರ ರಿವಾಲ್ವರಿನಲ್ಲಿ ಅದು ಕೂರದಂತೆ ಮಾಡಿದರು. ಹಳೆಯದು ಹೊಸದರಲ್ಲಿ ಕೂರುತ್ತದೆ, ನಡೆಯುತ್ತದೆ. ಹೊಸದು ಹಳೆಯದರಲ್ಲಿ ಕೂರುವುದೇ ಇಲ್ಲ. ಕೂರದಂತೆ ಮಾಡುವುದೂ ಒಂದು ಉಪಕಾರ. ಹೊಂದದ್ದರಿಂದ ಯಾರಿಗೂ ಗಾಯವಾಗುವುದಿಲ್ಲ, ಪಕ್ಕಕ್ಕಿಟ್ಟುಬಿಡುತ್ತೇವೆ. ಹೊಂದಿದಂತೆ ಕಾಣುವುದರದ್ದೇ ಭಯ.

ನಮ್ಮ ಕಡೆಯವರಿಗೆ ಇದು ಅರ್ಥವಾಗಬೇಕಾದರೆ ರೈಲು ನೆನೆದರೆ ಸಾಕು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಎರಡಡಿ ಅಗಲದ ಹಳಿಯ ಪುಟ್ಟ ರೈಲು ಓಡುತ್ತಿತ್ತು. ಬೀರೂರಿನ ಹಳಿ ಮೀಟರ್ ಗೇಜು. ಆಮೇಲೆ ಅದನ್ನು ಕಿತ್ತು ಐದೂವರೆ ಅಡಿಯ ಬ್ರಾಡ್ ಗೇಜು ಹಾಕಿದರು. ಮೂರೂ ರೈಲೇ. ಆದರೆ ಒಂದರ ಗಾಲಿ ಇನ್ನೊಂದರ ಹಳಿಯ ಮೇಲೆ ನಿಲ್ಲುವುದೇ ಇಲ್ಲ, ಹಾಗಾಗಿ ತಪ್ಪು ಹಳಿಗೆ ಹತ್ತಿಸುವ ಪ್ರಶ್ನೆಯೇ ಬರಲಿಲ್ಲ. ತೋಟಾಗಳ ಲೋಕದಲ್ಲಿ ತಪ್ಪು ಹಳಿಯ ಮೇಲೂ ಗಾಲಿ ನಿಂತುಬಿಡುತ್ತದೆ.

ಇನ್ನು ಡಾಲ್ಡಾ ಡಬ್ಬದ ಮಾತು.

1982ನೇ ಇಸವಿ. ನನಗೆ ಹನ್ನೆರಡು ವರ್ಷ. ಈಗ ತಾಲ್ಲೂಕಾಗಿರುವ ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಊರು. ಅಪ್ಪನ ಹತ್ತಿರ ಬೆಳೆ ಕಾಯಲು ಲೈಸೆನ್ಸಿನ ಕೋವಿ ಇತ್ತು, ಒಂಟಿ ನಳಿಗೆ, ಹನ್ನೆರಡು ಬೋರು. ರಾಗಿ ತೆನೆ ಕಟ್ಟುವ ಕಾಲಕ್ಕೆ ಹೊಲಕ್ಕೆ ಹಂದಿ ನುಗ್ಗುತ್ತಿದ್ದವು. ಅಪ್ಪ ರಾತ್ರಿ ಅಟ್ಟಣೆಯ ಮೇಲೆ ಕೂತು ಆಕಾಶಕ್ಕೊಂದು ಹಾರಿಸಿದರೆ ಹಂದಿಗಳು ದಿಕ್ಕಾಪಾಲು.

ಬೋರು ಎಂಬ ಲೆಕ್ಕ ಇನ್ನೊಂದು ವಿಚಿತ್ರ. ಒಂದು ಪೌಂಡು ಸೀಸ ಕರಗಿಸಿ ಸಮನಾದ ಹನ್ನೆರಡು ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಹಿಡಿಸುವ ನಳಿಗೆ ಹನ್ನೆರಡು ಬೋರು. ಇಪ್ಪತ್ತು ಗುಂಡು ಮಾಡಿದರೆ ಒಂದೊಂದೂ ಚಿಕ್ಕದಾಗುತ್ತದೆ, ಆ ನಳಿಗೆ ಇಪ್ಪತ್ತು ಬೋರು. ನೂಲಿನ ಕೌಂಟಿನ ಹಾಗೆ, ಅಂಕಿ ಹೆಚ್ಚಿದಷ್ಟೂ ಎಳೆ ಸಣ್ಣ. ಹನ್ನೆರಡು ಬೋರಿನ ನಳಿಗೆ 18.5 ಮಿಲಿಮೀಟರು, ಇಪ್ಪತ್ತರದ್ದು 15.6. ಇದೆಲ್ಲ ಈಗ ಗೊತ್ತಿರುವುದು. ಆಗ ನನಗೆ ಗೊತ್ತಿದ್ದದ್ದು ಮನೆ ಓರಣವಾಗಿರಬೇಕು ಎನ್ನುವುದೊಂದೇ.

ಲಿಂಗದಹಳ್ಳಿ ಕಡೆಯ ಸೋದರಮಾವ ಹಬ್ಬಕ್ಕೆ ಬಂದವರು ತಮ್ಮ ಇಪ್ಪತ್ತು ಬೋರಿನ ನಾಲ್ಕು ತೋಟಾ ಒಂದು ಪೊಟ್ಟಣದಲ್ಲಿ ಗೂಡಿನಲ್ಲಿಟ್ಟು ಮರೆತು ಹೋಗಿದ್ದರು. ಅಪ್ಪನ ತೋಟಾಗಳು ಇನ್ನೊಂದು ಪೊಟ್ಟಣದಲ್ಲಿದ್ದವು. ಎರಡೂ ಹಿತ್ತಾಳೆ ತಳ, ಕೆಂಪು ಕಾಗದದ ಮೈ. ದೀಪಾವಳಿಗೆ ಗೂಡು ಒರೆಸುತ್ತಿದ್ದ ನಾನು ಹರಿದ ಪೊಟ್ಟಣಗಳನ್ನು ಒಲೆಗೆ ಹಾಕಿ, ಕೆಂಪಗಿರುವುದನ್ನೆಲ್ಲ ತೊಳೆದ ಡಾಲ್ಡಾ ಡಬ್ಬಕ್ಕೆ ತುಂಬಿದೆ. ಅನ್ನದ ಅಗುಳು ಹಚ್ಚಿ ಚೀಟಿ ಅಂಟಿಸಿ, ನನ್ನ ದುಂಡನೆಯ ಅಕ್ಷರದಲ್ಲಿ 'ತೋಟಾ' ಎಂದು ಬರೆದೆ. ಪಕ್ಕದಲ್ಲಿ 'ಸಕ್ಕರೆ', 'ಬೆಲ್ಲ'ದ ಡಬ್ಬಗಳಿದ್ದವು. ಅವ್ವ ಬಂದವರಿಗೆಲ್ಲ ತೋರಿಸಿ ಹೊಗಳಿದಳು.

ಅದಾಗಿ ಒಂದು ವಾರಕ್ಕೆ ರಾತ್ರಿ ಅಪ್ಪ ಡಬ್ಬದಿಂದ ಒಂದು ಹಿಡಿ ಜೇಬಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಕತ್ತಲೆಯಲ್ಲಿ ಒಂದು ತುಂಬಿ ಕುದುರೆ ಎಳೆದರೆ ಬರೇ ಟಕ್ಕೆಂದಿತು. ಕೋವಿ ಮುರಿದು ಬ್ಯಾಟರಿ ಹಾಕಿ ನೋಡಿದರೆ ತೋಟಾ ಕೂರುವ ಜಾಗ ಖಾಲಿ. ತುಂಬಿದ್ದು ಭ್ರಮೆಯಿರಬೇಕು, ಎಲ್ಲೋ ಬಿದ್ದುಹೋಯಿತು ಎಂದುಕೊಂಡು ಇನ್ನೊಂದು ತುಂಬಿ ಹಾರಿಸಿದರು. ಮೊದಲು ಹಾಕಿದ್ದು ಇಪ್ಪತ್ತು ಬೋರಿನದು. ಅದು ಜಾರಿ ಮುಂದೆ ಹೋಗಿ, ನಳಿಗೆ ಕಿರಿದಾಗುವ ಕಡೆ ಅಂಚು ಸಿಕ್ಕಿಕೊಂಡು ಬಿರಡೆಯಂತೆ ಕೂತಿತ್ತು. ಹಿಂದಿನಿಂದ ಹನ್ನೆರಡರದ್ದು ಹಾರಿದಾಗ ಹೋಗಲು ದಾರಿಯಿಲ್ಲ. ನಳಿಗೆ ಅಪ್ಪನ ಎಡಗೈಯ ಕೆಳಗೇ ಸಿಡಿಯಿತು. ಎರಡು ಬೆರಳು ಹೋದವು, ಹೆಬ್ಬೆರಳು ಸೊಟ್ಟಗಾಯಿತು. ಕೋವಿಗಾರರ ಲೋಕದಲ್ಲಿ ಇದು ಹಳೆಯ, ಎಲ್ಲ ದೇಶಕ್ಕೂ ಗೊತ್ತಿರುವ ಅಪಘಾತ. ಈಗ ಬಹಳ ಕಂಪನಿಗಳು ಇಪ್ಪತ್ತು ಬೋರಿನ ತೋಟಾಕ್ಕೆ ಹಳದಿ ಬಣ್ಣವನ್ನೇ ಕೊಡುವುದು ಇದೇ ಕಾರಣಕ್ಕೆ. ನಮ್ಮ ಗೂಡಿನಲ್ಲಿದ್ದವು ಮಾತ್ರ ಕೆಂಪಗಿದ್ದವು.

ಅಪ್ಪ ಆಮೇಲೆ ಇಪ್ಪತ್ತಾರು ವರ್ಷ ಬದುಕಿದ್ದರು. ಮೂರು ಬೆರಳಿನ ಎಡಗೈಯಲ್ಲಿ ಈರುಳ್ಳಿ ಚೀಲದ ಬಾಯಿ ಹಿಡಿದು ಬಲಗೈಯಲ್ಲಿ ಹೊಲಿಯುತ್ತಿದ್ದರು. ಆ ಚೀಲಗಳ ದುಡ್ಡಿನಲ್ಲೇ ನಾನು ಬಿ.ಎ. ಓದಿದ್ದು, ಬಿ.ಎಡ್. ಮಾಡಿದ್ದು. ಕೋವಿ ಹಳತಾಗಿತ್ತು, ನಳಿಗೆ ತುಕ್ಕು ಹಿಡಿದಿತ್ತು ಎಂದು ಊರವರೆಲ್ಲ ಮಾತಾಡಿಕೊಂಡರು. ನನಗೆ ನಿಜ ತಿಳಿದದ್ದು ಮುಂದಿನ ಸಂಕ್ರಾಂತಿಗೆ ಸೋದರಮಾವ ಬಂದು "ನನ್ನ ನಾಲ್ಕು ತೋಟಾ ಇಲ್ಲಿ ಬಿಟ್ಟಿದ್ದೆನಲ್ಲ" ಎಂದಾಗ. ಅಪ್ಪ ಅವರ ಮುಖ ನೋಡಿ "ಇಲ್ಲಪ್ಪ, ಇಲ್ಲೆಲ್ಲೂ ಕಾಣಲಿಲ್ಲ" ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಾನೇ ಸೇರಿಸಿದ್ದು ಎಂದು ಆಗ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಅಪ್ಪ ತೀರಿಕೊಂಡಾಗಲೂ ಅದು ಗಂಟಲಲ್ಲೇ ಉಳಿಯಿತು. ಮೈದುನನ ಮೇಲೆ ಕೂಗಿದ್ದು ಆ ಹನ್ನೆರಡು ವರ್ಷದ ಹುಡುಗಿ.

ತರೀಕೆರೆಯ ಊಟದ ಮೇಜಿಗೆ ಮರಳುತ್ತೇನೆ. ಗಿಡ್ಡ ತೋಟಾಕ್ಕೆ ಯುರೋಪಿನಲ್ಲಿ ಬೇರೆ ಹೆಸರು, 7.65 ಬ್ರೌನಿಂಗ್. ಮಿಲಿಮೀಟರಿನಲ್ಲಿ ಹೇಳುವವರು ಎರಡು ಅಂಕಿ ಹೇಳುತ್ತಾರೆ, ಮೊದಲನೆಯದು ಅಗಲ, ಎರಡನೆಯದು ಕೋಶದ ಉದ್ದ. ಗಿಡ್ಡದ್ದು 7.65ಕ್ಕೆ 17, ನಮ್ಮ ರಿವಾಲ್ವರಿನದು 7.65ಕ್ಕೆ 23. ಎರಡನೆಯ ಅಂಕಿ ನುಂಗಿದರೆ ಮತ್ತೆ ಇಬ್ಬರೂ ಮಂಜುನಾಥರೇ. ಪುಸ್ತಕದಲ್ಲಿ ಆ 7.65 ಎಂಬುದನ್ನು ಓದಿದಾಗ ನನಗೆ ಎಲ್ಲೋ ಕೇಳಿದಂತಾಗಿ, ಎಲ್ಲೆಂದು ಹೊಳೆದಾಗ ಪುಸ್ತಕ ಕೆಳಗಿಟ್ಟುಬಿಟ್ಟೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯ ಮುಂದೆ ಗೌರಿ ಲಂಕೇಶರನ್ನು ಕೊಂದದ್ದು, ಎರಡೂ 7.65ರ ನಾಡ ಪಿಸ್ತೂಲಿನಿಂದ. ಎರಡು ಕಡೆಯ ಗುಂಡು, ಕೋಶಗಳ ಮೇಲಿನ ಗುರುತುಗಳನ್ನು ಹೋಲಿಸಿ, ಎರಡಕ್ಕೂ ಬಳಸಿದ್ದು ಒಂದೇ ಆಯುಧವೆಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ನಳಿಗೆಯ ಒಳಗಿನ ಗೀರುಗಳು ಗುಂಡಿನ ಮೇಲೆ ಬೀಳುತ್ತವೆ, ಕುಟ್ಟುವ ಮೊಳೆಯ ಗುರುತು ಕೇಪಿನ ಮೇಲೆ ಬೀಳುತ್ತದೆ, ಹೆಬ್ಬೆಟ್ಟಿನ ಹಾಗೆ.

ಕನ್ನಡ ಓದಿದ ನನ್ನಂಥವರಿಗೆ ಕಲಬುರ್ಗಿ ಎಂದರೆ ವಚನಗಳ ಪಾಠ, ಶಾಸನಗಳ ಪಾಠ. ಒಂದು ಅಕ್ಷರ ಆಚೀಚೆಯಾದರೆ ಅರ್ಥ ಎಲ್ಲಿಗೆ ಹೋಗುತ್ತದೆಂದು ತಾಳೆಗರಿ ಹಿಡಿದು ಹುಡುಕಿದವರು. ನಿಯತ್ತಾಗಿ ಬದುಕಿದ ಮಾವನವರ ಬೀರುವಿನಲ್ಲಿ, ಧಾರೆಸೀರೆಯ ಪಕ್ಕದಲ್ಲಿ, ಅದೇ ಅಳತೆಯ ಹೆಸರು ಹೊತ್ತ ಹತ್ತು ತೋಟಾಗಳು ಯಾರಿಗೂ ಬೇಡವಾಗಿ ಕೂತಿದ್ದವು. ಆ ದಿನ ಇನ್ನು ಅಳೆಯಲಿಲ್ಲ.

ಕಾನೂನಿನ ಕಣ್ಣಿಗೂ ಅವು ನಮ್ಮವಲ್ಲ. ಲೈಸೆನ್ಸಿನಲ್ಲಿ ಆಯುಧದ ನಂಬರು, ಬೋರು, ಎಷ್ಟು ತೋಟಾ ಇಟ್ಟುಕೊಳ್ಳಬಹುದು ಎಲ್ಲ ನಮೂದಾಗಿರುತ್ತದೆ. ಅದರಾಚೆಯದು ಒಂದಿದ್ದರೂ ತಪ್ಪೇ. ಬೋರಿನ ವಿಷಯಕ್ಕೆ ಸರ್ಕಾರಗಳಿಗೆ ಮೊದಲಿನಿಂದಲೂ ಕಣ್ಣು. ಸೈನ್ಯದ ತೋಟಾ ಜನರ ಕೋವಿಗೆ ಆಗಿಬಂದರೆ ಕದ್ದು ಸಾಗಿಸುತ್ತಾರೆಂದು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಭಾರತದಲ್ಲಿ ಪಾಯಿಂಟ್ 450ರ ರೈಫಲುಗಳನ್ನು ತಡೆದರು. ಇಂಗ್ಲೆಂಡಿನ ಕಂಪನಿಗಳು ಕೂಡಲೇ 465, 470 ಎಂದು ಕೊಂಚ ಕೊಂಚ ಬೇರೆ ಅಳತೆ ಮಾಡಿ ನಮ್ಮ ಶಿಕಾರಿ ಸಾಹೇಬರುಗಳಿಗೆ ಮಾರಿದವು. ಇವತ್ತಿಗೂ 9 ಮಿಲಿಮೀಟರಿನ ಪಿಸ್ತೂಲು, 303ರ ರೈಫಲು ಸಾಮಾನ್ಯರಿಗೆ ನಿಷಿದ್ಧ ಬೋರು. ಅದಕ್ಕೇ ಕಾರ್ಖಾನೆಯವರು ಜನರಿಗೆಂದು 315ರ ರೈಫಲು, 32ರ ರಿವಾಲ್ವರು ಮಾಡುವುದು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ.

ನಮ್ಮವರು ವಕೀಲರನ್ನು ಕೇಳಿಬಂದರು. ನಡೆದದ್ದನ್ನು ನಡೆದಂತೆ ಬರೆದು ಠಾಣೆಗೆ ಒಪ್ಪಿಸುವುದೇ ಸರಿ ಎಂದರು ಅವರು. ಪಟ್ಟಿ ನಾನೇ ಬರೆದೆ. ಒಂದು ಸಾಲಿನಲ್ಲಿ ರಿವಾಲ್ವರು, ಅದರ ನಂಬರು. ಎರಡನೆಯ ಸಾಲಿನಲ್ಲಿ ಅದರ ತೋಟಾಗಳು, ತಳದ ಅಕ್ಷರ ಸಮೇತ. ಮೂರನೆಯ ಸಾಲಿನಲ್ಲಿ ಬೇರೆ ಜಾತಿಯ ಹತ್ತು, ಅವೂ ತಳದ ಅಕ್ಷರ ಸಮೇತ, ಬಂದ ಬಗೆ ಸಮೇತ. ಎರಡು ಬೇರೆ ಬೇರೆ ಲಕೋಟೆ. ಠಾಣೆಯ ರೈಟರು ಓದಿ "ಎರಡೂ ಪಾಯಿಂಟ್ 32 ಅಲ್ವಾ ಮೇಡಂ, ಒಂದೇ ಸಾಲಿಗೆ ಬರೆದಿದ್ರೆ ಆಗ್ತಿತ್ತು" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೈದುನ, "ಬೇಡಿ ಸಾರ್, ಮೈ ಒಂದೇ, ಒಳಗಿನ ಜೋರು ಬೇರೆ" ಎಂದು ಶುರುಮಾಡಿ ಹದಿನೈದು ಸಾವಿರ, ಇಪ್ಪತ್ತು ಸಾವಿರ ಎಂದು ಪಾಠವನ್ನೇ ಒಪ್ಪಿಸಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಒಪ್ಪಿಸಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ. ಹೇಳಿಕೆ ಬರೆದುಕೊಂಡು ರಸೀತಿ ಕೊಟ್ಟರು. ರಿವಾಲ್ವರನ್ನು ತನ್ನ ಹೆಸರಿಗೆ ಮಾಡಿಸುವ ಮಾತನ್ನು ಮೈದುನ ಮತ್ತೆ ಎತ್ತಲಿಲ್ಲ.

ಆ ಭಾನುವಾರ ಅಜ್ಜಂಪುರದ ಬಸ್ಸು ಹತ್ತಿದೆ. ಅವ್ವನಿಗೆ ಎಂಬತ್ತೆರಡು. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಾನೂ ಒಂದು ಮೊರ ತೊಡೆಯ ಮೇಲಿಟ್ಟುಕೊಂಡೆ. ರಿವಾಲ್ವರಿನ ಕಥೆ ಹೇಳಿದೆ, ಮೈದುನನ ಮೇಲೆ ಕೂಗಿದ್ದು ಹೇಳಿದೆ, ಕೊನೆಗೆ ಹೇಳಿಯೇಬಿಟ್ಟೆ:

"ಅವ್ವ, ಅಪ್ಪನ ಕೈ ಹೋಗಿದ್ದು ನನ್ನಿಂದ. ಮಾವನ ತೋಟಾ, ಅಪ್ಪನ ತೋಟಾ ಸೇರಿಸಿ ಡಾಲ್ಡಾ ಡಬ್ಬಕ್ಕೆ ಹಾಕಿದ್ದು ನಾನು."

ಅವ್ವ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೆ. ಡಬ್ಬದ ಮ್ಯಾಲೆ ನಿನ್ನ ಅಕ್ಷರ ಇತ್ತಲ್ಲ."

"ಅಪ್ಪಂಗೆ?"

"ಅವರೇ ಮೊದ್ಲು ನೋಡಿದ್ದು. ಬಟ್ಟೆ ಸುತ್ತಿದ್ ಕೈ ಇಟ್ಕಂಡು ಆಸ್ಪತ್ರೆ ಗಾಡಿ ಹತ್ತೋ ಹೊತ್ನಾಗೆ ನನ್ ಹತ್ರಕ್ಕೆ ಕರೆದ್ರು. ಪೊಲೀಸ್ನೋರು ಬರೋದ್ರೊಳಗೆ ಆ ಚೀಟಿ ಕಿತ್ತು ಒಲೆಗ್ಹಾಕು ಅಂದ್ರು. ಅನ್ನದ ಅಗುಳು ಗಟ್ಟಿಯಾಗಿ ಹಿಡಕಂಡಿತ್ತು, ಬಿಸಿನೀರು ಹಾಕಿ ಉಜ್ಜಿ ತೆಗೆದೆ."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮತ್ತೆ, "ಆ ಡಬ್ಬ ಇನ್ನೂ ಐತೆ, ನೋಡು. ಮೆಣಸಿನಕಾಯಿ ಹಾಕಿದೀನಿ" ಎಂದಳು.

ಒಳಗೆ ಹೋಗಿ ನೋಡಿದೆ. ಗೂಡಿನಲ್ಲಿ, ಸಕ್ಕರೆ ಡಬ್ಬದ ಪಕ್ಕದಲ್ಲೇ ಇತ್ತು. ಹೊರಗಿನಿಂದ ಅವ್ವ ಕೂಗುತ್ತಿದ್ದಳು, ಬರುವಾಗ ಇನ್ನೊಂದು ಮೊರ ತಗೊಂಡು ಬಾ, ಸಿಪ್ಪೆ ಜಾಸ್ತಿಯಾಯಿತು ಎಂದು.